ಹೊಟ್ಟೆ ಕೊಯ್ಯುವುದೋ, ತೂತು ಹಾಕುವುದೋ? ತೂಕ ಇಳಿಸುವ ಆಪರೇಷನ್ನಿನ ಎಪ್ಪತ್ತು ವರ್ಷ

ದಾವಣಗೆರೆಯ ಪಿ.ಜೆ. ಬಡಾವಣೆ, ಎಂ.ಸಿ.ಸಿ. ಬ್ಲಾಕುಗಳ ಕಡೆ ಸಂಜೆ ಹೊತ್ತು ಸುಮ್ನೆ ಒಂದು ಸುತ್ತು ಹಾಕಿ ಬಂದರೆ ಇದು ಎಂಥ ಆಸ್ಪತ್ರೆಗಳ ಊರು ಅಂತ ಗೊತ್ತಾಗುತ್ತದೆ. 1965ರಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಶುರುವಾಯಿತು. ಅಲ್ಲಿಂದೀಚೆಗೆ ಹೊಳಲ್ಕೆರೆ, ಚಳ್ಳಕೆರೆ, ಹರಪನಹಳ್ಳಿ, ರಾಣೆಬೆನ್ನೂರು ಕಡೆಯವರಿಗೆಲ್ಲ ದೊಡ್ಡ ಕಾಯಿಲೆ ಅಂದರೆ ದಾವಣಗೆರೆ ಬಸ್ಸು ಹತ್ತುವುದು ರೂಢಿ. ಶುಗರ್‌ಗೋ, ಮಂಡಿನೋವಿಗೋ ಅಂತ ಬಂದವರಿಗೆ ಡಾಕ್ಟರು, "ನಿಮ್ಮ ತೂಕಕ್ಕೆ ಮಾತ್ರೆ ಸಾಲಲ್ಲ, ಆಪರೇಷನ್ ಯೋಚನೆ ಮಾಡಿ" ಅಂದರೆ ಜೊತೆಗೆ ಬಂದವರು ಮೊದಲು ಕೇಳುವುದು ಒಂದೇ. "ಹೊಟ್ಟೆ ಕೊಯ್ತೀರಾ ಸರ್, ಇಲ್ಲ ತೂತು ಹಾಕ್ತೀರಾ?"

ಕೇಳಬೇಕಾದ ಪ್ರಶ್ನೆಯೇ. ಆದರೆ ಬಹುಪಾಲು ರೋಗಿಗಳ ಮಟ್ಟಿಗೆ ಇದಕ್ಕೆ ಉತ್ತರ ಸಿಕ್ಕಿ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಆಯಿತು. ಹೊಟ್ಟೆಯ ಒಳಗೆ ಏನು ಮಾಡುತ್ತಾರೆ, ಆಮೇಲೆ ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಆ ಉತ್ತರ ಹೇಗೆ ಸಿಕ್ಕಿತು ಅಂತ ಹಿಂದಕ್ಕೆ ಹೋಗಿ ನೋಡಿದರೆ, ಈಗ ಏನು ಕೇಳಬೇಕು ಅನ್ನುವುದೂ ತಿಳಿಯುತ್ತದೆ.

ಕಥೆ ಶುರುವಾಗುವುದು 1950ರ ದಶಕದಲ್ಲಿ. ಅಮೆರಿಕದ ಮಿನ್ನೆಸೋಟಾದಲ್ಲಿ ಕ್ರೆಮೆನ್, ಲಿನ್ನರ್ ಅನ್ನುವ ಸರ್ಜನ್ನರು ಸಣ್ಣಕರುಳಿನ ಹೆಚ್ಚಿನ ಭಾಗವನ್ನು ಬಳಸು ದಾರಿಯಲ್ಲಿ ದಾಟಿಸಿ, ತಿಂದದ್ದು ಮೈಗೆ ಹತ್ತದಂತೆ ಮಾಡುವ ಪ್ರಯೋಗವನ್ನು 1954ರಲ್ಲಿ ಪ್ರಕಟಿಸಿದರು. ತೂಕವೇನೋ ಇಳಿಯಿತು. ಆದರೆ ಈ ದಾರಿ ಹಿಡಿದವರಿಗೆ ನಿಲ್ಲದ ಭೇದಿ, ಮೂತ್ರಪಿಂಡದಲ್ಲಿ ಕಲ್ಲು, ವಿಟಮಿನ್ ಕೊರತೆ. ಕೆಲವರಿಗೆ ಲಿವರ್ರೇ ಕೆಟ್ಟು ಪ್ರಾಣ ಹೋಯಿತು. ಎಷ್ಟೋ ಜನರಿಗೆ ಮತ್ತೆ ಹೊಟ್ಟೆ ತೆರೆದು ಕರುಳನ್ನು ಮೊದಲಿನಂತೆ ಜೋಡಿಸಬೇಕಾಯಿತು. ಆ ಆಪರೇಷನ್ನನ್ನು ಕೈಬಿಟ್ಟದ್ದು ಗಾಯ ದೊಡ್ಡದು ಅಂತಲ್ಲ, ಒಳಗೆ ಮಾಡಿದ ಕೆಲಸವೇ ತಪ್ಪಾಗಿತ್ತು.

ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಬೇರೊಂದು ಸಂಗತಿ ಗಮನಿಸಿದರು. ಹುಣ್ಣಿನ ಕಾಯಿಲೆಗೆ ಜಠರದ ಒಂದು ಭಾಗ ತೆಗೆಸಿಕೊಂಡ ಹೆಂಗಸರು ಮತ್ತೆ ದಪ್ಪ ಆಗುತ್ತಿರಲಿಲ್ಲ. ಹಾಗಾದರೆ ಕರುಳಿನ ಬದಲು ಜಠರವನ್ನೇ ಚಿಕ್ಕದು ಮಾಡಿದರೆ? 1966ರಲ್ಲಿ ಅವರು ಚಿಕಾಶಿ ಇಟೋ ಜೊತೆ ಗ್ಯಾಸ್ಟ್ರಿಕ್ ಬೈಪಾಸ್ ಶುರು ಮಾಡಿದರು. ಮೇಲುಭಾಗದಲ್ಲಿ ಚಿಕ್ಕ ಚೀಲದಷ್ಟು ಜಠರ ಉಳಿಸಿ, ಅದಕ್ಕೆ ಸಣ್ಣಕರುಳನ್ನು ಜೋಡಿಸುವ ಕೆಲಸ ಅದು. ಇವತ್ತು ಮಾಡುವ ಬೈಪಾಸಿನ ಬೇರು ಅಲ್ಲಿದೆ.

ಇದೆಲ್ಲ ಓಪನ್ ಆಪರೇಷನ್. ಎದೆಮೂಳೆ ಮುಗಿಯುವಲ್ಲಿಂದ ಹೊಕ್ಕುಳ ತನಕ ಕೊಯ್ಯುತ್ತಿದ್ದರು. ತೆಳ್ಳಗಿನವರಿಗೆ ಅಂಥ ಗಾಯ ಒಂದು ತರಹ, 130 ಕೆ.ಜಿ. ಇರುವವರಿಗೆ ಇನ್ನೊಂದು ತರಹ. ಚರ್ಮದ ಕೆಳಗೆ ಕೊಬ್ಬಿನ ಪದರ ಅಂಗೈ ಅಗಲ ಇರುತ್ತದೆ. ಕೊಬ್ಬಿಗೆ ರಕ್ತ ಹರಿಯುವುದು ಕಡಿಮೆ, ಹಾಗಾಗಿ ಗಾಯ ಬೇಗ ಕೂಡುವುದಿಲ್ಲ, ಕೀವು ತುಂಬುತ್ತದೆ. ಕೆಮ್ಮಿದರೆ, ಎದ್ದು ಕೂತರೆ ಹೊಲಿಗೆ ಜಗ್ಗುತ್ತದೆ. ವರ್ಷ ತುಂಬುವಷ್ಟರಲ್ಲಿ ಕೆಲವರಿಗೆ ಅದೇ ಜಾಗದಲ್ಲಿ ಹರ್ನಿಯಾ ಉಬ್ಬುತ್ತದೆ, ಅದಕ್ಕೆ ಇನ್ನೊಂದು ಆಪರೇಷನ್. ಇನ್ನೂ ದೊಡ್ಡ ಅಪಾಯ ಉಸಿರಿನದು. ಹೊಟ್ಟೆಯ ಮೇಲುಭಾಗ ಕೊಯ್ದಾಗ ಉಸಿರು ಪೂರ್ತಿ ಎಳೆದರೆ ಪ್ರಾಣ ಹೋಗುವಷ್ಟು ನೋವು. ರೋಗಿ ಮೇಲೆಮೇಲೆ ಉಸಿರಾಡುತ್ತಾನೆ, ಶ್ವಾಸಕೋಶದ ಬುಡ ಮುಚ್ಚಿಕೊಂಡು ನ್ಯುಮೋನಿಯಾ ಬರುತ್ತದೆ. ನೋವಿಗೆ ಹೆದರಿ ಮಂಚ ಬಿಟ್ಟು ಏಳುವುದಿಲ್ಲ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ನಿಮಿಷಗಳಲ್ಲಿ ಸಾವೂ ಬರಬಹುದು. ನಮ್ಮ ಹಿರಿಯರು ಹೊಟ್ಟೆ ಕೊಯ್ಯುವುದಕ್ಕೆ ಹೆದರುತ್ತಿದ್ದದ್ದು ಅಜ್ಞಾನದಿಂದಲ್ಲ.

ತೂತಿನ ದಾರಿ ಬಂದದ್ದು ತೂಕದ ಆಪರೇಷನ್ನಿಗಾಗಿ ಅಲ್ಲ. ಜರ್ಮನಿಯ ಎರಿಕ್ ಮ್ಯೂಹೆ 1985ರಲ್ಲಿ ಲ್ಯಾಪ್ರೋಸ್ಕೋಪಿಯಲ್ಲಿ, ಅಂದರೆ ಚಿಕ್ಕ ತೂತುಗಳಿಂದ ಕ್ಯಾಮೆರಾ, ಉಪಕರಣ ಒಳಗೆ ಬಿಟ್ಟು, ಪಿತ್ತಕೋಶ ತೆಗೆದರು. ಅವರ ದೇಶದ ಸರ್ಜನ್ನರು ಅದನ್ನು ಒಪ್ಪಲಿಲ್ಲ, ಮೆಚ್ಚುಗೆ ಸಿಗಲು ವರ್ಷಗಳೇ ಬೇಕಾದವು. ನಮ್ಮ ದೇಶದಲ್ಲಿ ಆ ಆಪರೇಷನ್ ಮೊದಲು ಆದದ್ದು 1990ರಲ್ಲಿ, ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ, ಡಾ. ತೆಹೆಮ್ಟನ್ ಉದ್ವಾಡಿಯಾ ಅವರ ಕೈಯಲ್ಲಿ. ಆದರೆ ನಮ್ಮ ಹಳ್ಳಿಗಳ ಹೆಂಗಸರಿಗೆ ಲ್ಯಾಪ್ರೋಸ್ಕೋಪಿ ಅದಕ್ಕೂ ಮುಂಚೆಯೇ ಗೊತ್ತಿತ್ತು. ಕುಟುಂಬ ಯೋಜನೆ ಕ್ಯಾಂಪುಗಳಲ್ಲಿ ಹೊಕ್ಕುಳ ಹತ್ತಿರ ಚಿಕ್ಕದಾಗಿ ಕೊಯ್ದು, ಅಂಡನಾಳಕ್ಕೆ ರಿಂಗ್ ಹಾಕಿ ಬೇಗ ಮನೆಗೆ ಕಳಿಸುತ್ತಿದ್ದರು. ಹಾಗಾಗಿ ಇಲ್ಲಿ ಅನೇಕರ ಮನಸ್ಸಿನಲ್ಲಿ ತೂತಿನ ಆಪರೇಷನ್ ಅಂದರೆ ಚಿಕ್ಕ ಆಪರೇಷನ್ ಅಂತಲೇ ಕೂತಿದೆ. ಗಾಯ ಚಿಕ್ಕದು, ನಿಜ. ತೂಕದ ಆಪರೇಷನ್ನಿನಲ್ಲಿ ಒಳಗಿನ ಕೆಲಸ ಮಾತ್ರ ಒಂದಿಷ್ಟೂ ಚಿಕ್ಕದಲ್ಲ.

ದಪ್ಪ ದೇಹಕ್ಕೆ ಲ್ಯಾಪ್ರೋಸ್ಕೋಪಿ ಆಗುವುದೇ ಇಲ್ಲ ಅಂತ ಮೊದಮೊದಲು ಸರ್ಜನ್ನರೇ ನಂಬಿದ್ದರು. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಉಬ್ಬಿಸಿದರೆ ತಾನೇ ಕ್ಯಾಮೆರಾಗೆ ಜಾಗ? ಹೊಟ್ಟೆಯ ಗೋಡೆಯೇ ಭಾರ ಇದ್ದಾಗ ಅದನ್ನು ಎತ್ತಲು ಒತ್ತಡ ಜಾಸ್ತಿ ಬೇಕು, ಒತ್ತಡ ಜಾಸ್ತಿಯಾದರೆ ಹೃದಯಕ್ಕೂ ಉಸಿರಿಗೂ ತೊಂದರೆ. ಕೊಬ್ಬು ತುಂಬಿ ದೊಡ್ಡದಾದ ಲಿವರ್ ಜಠರದ ಮೇಲೆ ಮುಚ್ಚಿಕೊಂಡಿರುತ್ತದೆ. ಉಪಕರಣಗಳ ಉದ್ದ ಸಾಲುತ್ತಿರಲಿಲ್ಲ. ಒಂದೊಂದಕ್ಕೂ ದಾರಿ ಹುಡುಕಿದರು. ಉದ್ದದ ಉಪಕರಣ ಬಂದವು. ರೋಗಿಯ ತಲೆಯ ಕಡೆ ಎತ್ತರ ಮಾಡಿ ಮಲಗಿಸಿದರೆ ಕರುಳು ತಾನಾಗಿ ಕೆಳಗೆ ಜಾರಿತು. ಆಪರೇಷನ್ನಿಗೆ ಮುಂಚೆ ಸುಮಾರು ಎರಡು ವಾರ ಅನ್ನ, ಸಕ್ಕರೆ, ಎಣ್ಣೆ ಕಡಿಮೆ ಮಾಡಿಸಿದರೆ ಲಿವರ್ ಕುಗ್ಗಿತು. ಡಾಕ್ಟರು ಇವತ್ತು "ಎರಡು ವಾರ ಇಷ್ಟೇ ತಿನ್ನಿ" ಅನ್ನುವುದು ತೂಕಕ್ಕಿಂತ ಹೆಚ್ಚಾಗಿ ಲಿವರ್‌ಗೋಸ್ಕರ. ಆ ಎರಡು ವಾರದಲ್ಲಿ ಕದ್ದು ಬೆಣ್ಣೆದೋಸೆ ತಿಂದರೆ ಆಪರೇಷನ್ ಟೇಬಲ್ ಮೇಲೆ ಕಷ್ಟಪಡುವುದು ತಿಂದವರ ಲಿವರ್ರೇ.

ಎಲ್ಲಕ್ಕಿಂತ ದೊಡ್ಡ ಸಹಾಯ ಆದದ್ದು ಸ್ಟೇಪ್ಲರ್. ಉದ್ದನೆಯ ಕೋಲಿನ ತುದಿಗೆ ದವಡೆಯಂಥ ಎರಡು ಪಟ್ಟಿ. ಜಠರವನ್ನು ಅವುಗಳ ನಡುವೆ ಹಿಡಿದು ಒತ್ತಿದರೆ ಎರಡೂ ಬದಿಗೆ ಟೈಟಾನಿಯಂ ಪಿನ್ನುಗಳ ಸಾಲು ಕೂರುತ್ತದೆ, ನಡುವೆ ಬ್ಲೇಡು ಹರಿದು ಎರಡು ಭಾಗ ಮಾಡುತ್ತದೆ. ಒಂದು ಸಲಕ್ಕೆ ಹೆಚ್ಚೆಂದರೆ ಆರು ಸೆಂಟಿಮೀಟರ್. ಹಾಗಾಗಿ ಒಬ್ಬರಿಗೇ ನಾಲ್ಕೈದು ಕಾರ್ಟ್ರಿಜ್, ಅಂದರೆ ಪಿನ್ನು ತುಂಬಿದ ಪಟ್ಟಿ, ಬೇಕಾಗುತ್ತವೆ. ಒಂದು ಸಲ ಬಳಸಿದ ಕಾರ್ಟ್ರಿಜ್ ಎಸೆಯಬೇಕು. ಬಿಲ್ಲು ದಪ್ಪ ಆಗುವುದಕ್ಕೆ ಇದೂ ಒಂದು ಕಾರಣ. ಜಠರದ ದಪ್ಪ ನೋಡಿ ಪಿನ್ನಿನ ಎತ್ತರ ಆರಿಸಬೇಕು. ತಪ್ಪಿದರೆ ರಕ್ತ ಒಸರುತ್ತದೆ, ಇಲ್ಲವೇ ಜಠರದ ರಸ ಹೊರಗೆ ಸೋರುತ್ತದೆ. ಸೋರಿಕೆಯೇ ಈ ಆಪರೇಷನ್ನಿನಲ್ಲಿ ಎಲ್ಲರೂ ಹೆದರುವ ತೊಡಕು, ಅದು ಓಪನ್‌ನಲ್ಲೂ ಆಗಬಹುದು, ಲ್ಯಾಪ್ರೋಸ್ಕೋಪಿಯಲ್ಲೂ ಆಗಬಹುದು.

1994ರಲ್ಲಿ ಅಮೆರಿಕದ ವಿಟ್‌ಗ್ರೋವ್ ಮತ್ತು ಕ್ಲಾರ್ಕ್ ಲ್ಯಾಪ್ರೋಸ್ಕೋಪಿಯಲ್ಲಿ ಮಾಡಿದ ಮೊದಲ ಐದು ಬೈಪಾಸುಗಳ ವರದಿ ಕೊಟ್ಟರು. ಆಗ ವಾದ ಜೋರಾಯಿತು. ಇದು ನಿಜವಾಗಿ ರೋಗಿಗೆ ಒಳ್ಳೆಯದಾ, ಇಲ್ಲ ಸರ್ಜನ್ನರ ಹೊಸ ಹುಚ್ಚಾ? 2001ರಲ್ಲಿ ನಿನ್ ಗುಯೆನ್ ಮತ್ತು ಸಂಗಡಿಗರು 155 ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದರು. ಓಪನ್ ಗುಂಪಿನಲ್ಲಿ ಗಾಯಕ್ಕೆ ಸೋಂಕು ತಗುಲಿದವರು ನೂರಕ್ಕೆ ಹತ್ತರಷ್ಟು, ಲ್ಯಾಪ್ರೋಸ್ಕೋಪಿ ಗುಂಪಿನಲ್ಲಿ ಒಂದರಷ್ಟು. ಓಪನ್‌ನಲ್ಲಿ ನೂರಕ್ಕೆ ಸುಮಾರು ಎಂಟು ಮಂದಿಗೆ ಗಾಯದ ಹರ್ನಿಯಾ, ಇನ್ನೊಂದರಲ್ಲಿ ಯಾರಿಗೂ ಇಲ್ಲ. ಆಪರೇಷನ್ನಿಗೆ ಹಿಡಿದ ಸಮಯ ಲ್ಯಾಪ್ರೋಸ್ಕೋಪಿಯಲ್ಲೇ ಜಾಸ್ತಿ. ಜೋಡಣೆ ಮಾಡಿದ ಜಾಗ ಕಿರಿದಾಗುವುದೂ ಅದರಲ್ಲೇ ಜಾಸ್ತಿ ಕಂಡಿತು. ಇನ್ನು ತೂಕ? ಒಂದು ವರ್ಷದ ಹೊತ್ತಿಗೆ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಥರ ಇಳಿದಿದ್ದರು.

ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ತೂತು ಹಾಕಿದ್ದಕ್ಕೆ ತೂಕ ಜಾಸ್ತಿ ಇಳಿಯುವುದಿಲ್ಲ. ಸ್ವೀಡನ್ನಿನಲ್ಲಿ 1987ರಿಂದ ಸಾವಿರಾರು ಜನರನ್ನು ಹಿಂಬಾಲಿಸಿದ ಅಧ್ಯಯನ ಒಂದಿದೆ. ಆಪರೇಷನ್ ಮಾಡಿಸಿಕೊಂಡವರಲ್ಲಿ ಸಾವು ಕಡಿಮೆ ಅಂತ 2007ರಲ್ಲಿ ತೋರಿಸಿದ್ದು ಅದೇ. ಅಲ್ಲಿ ಆದವುಗಳಲ್ಲಿ ಹೆಚ್ಚಿನವು ಹೊಟ್ಟೆ ಕೊಯ್ದು ಮಾಡಿದ ಆಪರೇಷನ್ನುಗಳು. ಆಯುಸ್ಸು ಹೆಚ್ಚಿಸುವುದು ಒಳಗಿನ ಬದಲಾವಣೆ. ಗಾಯ ಚಿಕ್ಕದಾದರೆ ಆ ಲಾಭ ಪಡೆಯುವ ದಾರಿಯಲ್ಲಿ ನೋವು, ಅಪಾಯ ಕಡಿಮೆ ಆಗುತ್ತದೆ.

2009ರಲ್ಲಿ ಅಮೆರಿಕದ ಹತ್ತು ಆಸ್ಪತ್ರೆಗಳ ಲೆಕ್ಕ ಬಂತು. ಲ್ಯಾಪ್ರೋಸ್ಕೋಪಿ ಬೈಪಾಸ್ ಆದವರಲ್ಲಿ ತಿಂಗಳೊಳಗೆ ತೀರಿಕೊಂಡವರು ಸಾವಿರಕ್ಕೆ ಇಬ್ಬರು, ಓಪನ್‌ನಲ್ಲಿ ಇಪ್ಪತ್ತೊಂದು. ಅಂತರ ನೋಡಿ ಗಾಬರಿ ಆಗುತ್ತದೆ, ಅಲ್ವಾ? ಆದರೆ ಆ ಹೊತ್ತಿಗೆ ಓಪನ್ ಆಪರೇಷನ್ ಆಗುತ್ತಿದ್ದದ್ದು ಹೆಚ್ಚಾಗಿ ತೂಕ ವಿಪರೀತ ಇದ್ದವರಿಗೆ, ಕಾಯಿಲೆ ಜಾಸ್ತಿ ಇದ್ದವರಿಗೆ. ಇಡೀ ಅಂತರವನ್ನು ಗಾಯದ ಮೇಲೆ ಹೊರಿಸಿದರೆ ತಪ್ಪಾಗುತ್ತದೆ.

ಲ್ಯಾಪ್ರೋಸ್ಕೋಪಿಯ ಕಷ್ಟವೇ ಒಂದು ಹೊಸ ಆಪರೇಷನ್ನಿಗೆ ಹೆಸರು ತಂದುಕೊಟ್ಟಿತು. ತೀರಾ ಭಾರ ಇದ್ದವರು ಗ್ಯಾಸ್ ತುಂಬಿದ ಹೊಟ್ಟೆಯಲ್ಲಿ ಉದ್ದದ ಆಪರೇಷನ್ ತಡೆಯುವುದಿಲ್ಲ ಅಂತ 2000ದ ಆಸುಪಾಸಿನಲ್ಲಿ ನ್ಯೂಯಾರ್ಕಿನ ಮಿಷೆಲ್ ಗಾನ್ಯೆ ತಂಡ ಕೆಲಸವನ್ನು ಎರಡು ಕಂತು ಮಾಡಿತು. ಮೊದಲ ಕಂತಿನಲ್ಲಿ ಜಠರದ ಮುಕ್ಕಾಲು ಭಾಗ ತೆಗೆದು ಬಾಳೆಕಾಯಿ ಆಕಾರದಷ್ಟು ಉಳಿಸುವುದು, ತೂಕ ಇಳಿದ ಮೇಲೆ ಕರುಳಿನ ಕೆಲಸ. ಕೆಲವರಿಗೆ ಎರಡನೇ ಕಂತೇ ಬೇಕಾಗಲಿಲ್ಲ. ಅದೇ ಸ್ಲೀವ್. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ನಡೆಯುವ ತೂಕದ ಆಪರೇಷನ್ ಇದೇ. ತೆಗೆದ ಜಠರ ಮತ್ತೆ ಬರುವುದಿಲ್ಲ, ಎದೆಯುರಿ ಇದ್ದವರಿಗೆ ಅದು ಜಾಸ್ತಿ ಆಗಬಹುದು. ಜೋರಾದ ಎದೆಯುರಿ ಇದ್ದರೆ, ಶುಗರ್ ಹತೋಟಿಗೇ ಬಾರದಿದ್ದರೆ ಬೈಪಾಸ್ ಕಡೆ ವಾಲುವ ಸರ್ಜನ್ನರೇ ಹೆಚ್ಚು. ಮನೆಯವರು ಕೂತು ಚರ್ಚೆ ಮಾಡಬೇಕಾದ್ದು ಈ ಆಯ್ಕೆಯನ್ನು.

ಹಾಗಾದರೆ ಓಪನ್ ಕಾಲ ಮುಗಿಯಿತಾ? ಇಲ್ಲ. ಹಿಂದೆ ಹಲವು ಆಪರೇಷನ್ ಆಗಿ ಕರುಳು ಅಂಟಿಕೊಂಡಿದ್ದರೆ, ಮೊದಲ ತೂಕದ ಆಪರೇಷನ್ ಕೆಟ್ಟು ಸರಿಪಡಿಸಬೇಕಾಗಿದ್ದರೆ, ರಕ್ತಸ್ರಾವ ಕ್ಯಾಮೆರಾದಲ್ಲಿ ಹತೋಟಿಗೆ ಬಾರದಿದ್ದರೆ ಸರ್ಜನ್ ಹೊಟ್ಟೆ ತೆರೆಯಬೇಕಾಗಬಹುದು. ತೂತಿನಲ್ಲಿ ಶುರು ಮಾಡಿ ನಡುವೆ ಓಪನ್‌ಗೆ ಹೊರಳಬಹುದು ಅಂತ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರದಲ್ಲೇ ಬರೆದಿರುತ್ತದೆ. ನಾವು ಓದುವುದಿಲ್ಲ, ಅಷ್ಟೇ. ಆಮೇಲೆ ಓ.ಟಿ. ಬಾಗಿಲ ಹೊರಗೆ "ತೂತು ಅಂದಿದ್ರಿ, ಕೊಯ್ದುಬಿಟ್ರಲ್ಲ" ಅಂತ ಗಲಾಟೆ. ಸಮಯಕ್ಕೆ ಸರಿಯಾಗಿ ಹೊಟ್ಟೆ ತೆರೆದ ಸರ್ಜನ್ ಜೀವ ಉಳಿಸಿರುತ್ತಾರೆ. ಹಟ ಹಿಡಿದು ತೂತಿನಲ್ಲೇ ಮುಗಿಸಲು ಹೋಗುವವರಿಗೆ ಹೆದರಬೇಕು. ಲ್ಯಾಪ್ರೋಸ್ಕೋಪಿ ಬೈಪಾಸಿನಲ್ಲಿ ಕೈ ಕುದುರಲು 75ರಿಂದ 100 ಆಪರೇಷನ್ ಬೇಕು ಅಂತ ಸರ್ಜನ್ನರೇ ಬರೆದುಕೊಂಡಿದ್ದಾರೆ. "ನೀವು ಎಷ್ಟು ಮಾಡಿದ್ದೀರಿ?" ಅಂತ ಕೇಳಿದರೆ ಡಾಕ್ಟರಿಗೆ ಅವಮಾನ ಮಾಡಿದಂತಲ್ಲ.

ಬೆಂಗಳೂರಿಗೆ ಹೋಗಿ ಮಾಡಿಸಿಕೊಂಡು ಬರುವವರು ಇನ್ನೊಂದು ವಿಷಯ ಯೋಚಿಸಬೇಕು. ಅದು ಇಲ್ಲಿಂದ ಸುಮಾರು 260 ಕಿ.ಮೀ. ಲ್ಯಾಪ್ರೋಸ್ಕೋಪಿಯಲ್ಲಿ ಒಳಗೆ ಕರುಳು ಅಂಟಿಕೊಳ್ಳುವುದು ಕಡಿಮೆ ಆಗುವುದು ಒಳ್ಳೆಯದೇ, ಆದರೆ ಅದರಿಂದಲೇ ಬೈಪಾಸ್ ಆದವರಲ್ಲಿ ಕರುಳು ಸಂದಿಯೊಳಗೆ ಜಾರಿ ಸಿಕ್ಕಿಕೊಳ್ಳಬಹುದು. ವರ್ಷಗಳ ಮೇಲೂ ಆಗಬಹುದು. ರಾತ್ರಿ ಹೊತ್ತು ಹೊಟ್ಟೆ ಹಿಂಡುವ ನೋವು ಬಂದು ಜಗಳೂರಿನಲ್ಲೋ ಹಿರಿಯೂರಿನಲ್ಲೋ ಡಾಕ್ಟರ ಮುಂದೆ ಕೂತಾಗ "ಗ್ಯಾಸು" ಅಂತ ಇಂಜೆಕ್ಷನ್ ಹಾಕಿಸಿಕೊಂಡು ಬಂದರೆ ಕರುಳು ಕೊಳೆತುಹೋಗುತ್ತದೆ. ಡಿಸ್ಚಾರ್ಜ್ ಸಮ್ಮರಿಯ ಫೋಟೋ ಫೋನಿನಲ್ಲಿ ಇರಲಿ, ಬೈಪಾಸ್ ಆಗಿದೆ ಅಂತ ಮೊದಲ ಮಾತಿನಲ್ಲೇ ಹೇಳಿ.

ಊಟದ್ದೂ ಹಾಗೆ. ನಮ್ಮ ಕಡೆ ಮುದ್ದೆ ಅಗಿಯುವ ಪದ್ಧತಿಯೇ ಇಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಚಿಕ್ಕದಾದ ಜಠರಕ್ಕೆ ಅದು ಆಗುವುದಿಲ್ಲ. ಏನೇ ತಿಂದರೂ ಬಾಯಲ್ಲೇ ನುಣ್ಣಗಾಗಬೇಕು. ಮೊದಲು ಮೊಟ್ಟೆ, ಬೇಳೆ, ಮೊಸರು, ಆಮೇಲೆ ಜಾಗ ಇದ್ದರೆ ಅನ್ನ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ ಜೀವನಪೂರ್ತಿ, ರಕ್ತ ಪರೀಕ್ಷೆ ವರ್ಷ ವರ್ಷ. ಹೊಟ್ಟೆ ಮೇಲಿನ ಗುರುತು ಮಾಸಿಹೋದರೂ ಇದು ನಿಲ್ಲುವುದಿಲ್ಲ.

ಇನ್ನು ದುಡ್ಡು. 1991ರಲ್ಲಿ ಅಮೆರಿಕದಲ್ಲಿ ಒಂದು ಗೆರೆ ಹಾಕಿದರು: ಬಿ.ಎಂ.ಐ. (ಎತ್ತರಕ್ಕೆ ತಕ್ಕಂತೆ ತೂಕ ಎಷ್ಟು ಅನ್ನುವ ಲೆಕ್ಕ) 40 ಇದ್ದರೆ, ಅಥವಾ 35 ಇದ್ದು ಜೊತೆಗೆ ಗಂಭೀರ ಕಾಯಿಲೆ ಇದ್ದರೆ ಆಪರೇಷನ್. ನಮ್ಮ ದೇಹಕ್ಕೆ ಕಡಿಮೆ ತೂಕದಲ್ಲೇ ಶುಗರ್ ಬರುತ್ತದೆ ಅಂತ ಭಾರತದ ತಜ್ಞರು ಅದನ್ನು 37.5 ಮತ್ತು 32.5ಕ್ಕೆ ಇಳಿಸಿದರು. 2022ರಲ್ಲಿ ತೂಕದ ಆಪರೇಷನ್ ಮಾಡುವ ಸರ್ಜನ್ನರ ಅಮೆರಿಕದ ಸಂಘವೂ ಅಂತರರಾಷ್ಟ್ರೀಯ ಸಂಘವೂ ಸೇರಿ ಹಳೆಯ ಗೆರೆಯನ್ನೇ ಕೆಳಗಿಳಿಸಿದವು. ಆದರೆ ವಿಮಾ ನಿಯಂತ್ರಕ ಐ.ಆರ್.ಡಿ.ಎ.ಐ. 2019ರಲ್ಲಿ ಹೊರಡಿಸಿದ ನಿಯಮದಲ್ಲಿ ಇದ್ದದ್ದು ಅದೇ 40 ಮತ್ತು 35. ಐದೂಕಾಲು ಅಡಿ, ಅಂದರೆ 160 ಸೆಂಟಿಮೀಟರ್ ಎತ್ತರದ ಹೆಂಗಸಿಗೆ 32.5 ಅಂದರೆ 83 ಕೆ.ಜಿ., 35 ಅಂದರೆ 90 ಕೆ.ಜಿ. ಹತೋಟಿಗೆ ಬಾರದ ಶುಗರ್ ಇರುವ 86 ಕೆ.ಜಿ.ಯ ಹೆಂಗಸಿಗೆ ಡಾಕ್ಟರು ಆಪರೇಷನ್ ಬೇಕು ಅನ್ನುತ್ತಾರೆ, ವಿಮಾ ಕಂಪನಿ ಆ ನಿಯಮ ತೋರಿಸಿ ಆಗಲ್ಲ ಅನ್ನಬಹುದು. ಈ ಏಳು ಕೆ.ಜಿ. ಅಂತರಕ್ಕೆ ಜಮೀನು ಅಡ ಇಡಬೇಕಾದ ಪರಿಸ್ಥಿತಿ ಬರಬಾರದು, ನಿಯಮ ಬದಲಾಗಬೇಕು. ಅಲ್ಲಿ ತನಕ ಅಡ್ಮಿಟ್ ಆಗುವ ಮುಂಚೆಯೇ ಕಂಪನಿಯ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಎತ್ತರ, ತೂಕ, ಮೂರು ತಿಂಗಳ ಸರಾಸರಿ ಶುಗರ್, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದರೆ ಅದರ ಪರೀಕ್ಷೆಯ ವರದಿ, ಎಲ್ಲವನ್ನೂ ಡಾಕ್ಟರ ಚೀಟಿಯಲ್ಲಿ ಬರೆಸಿಕೊಂಡು ಅರ್ಜಿಯ ಜೊತೆಗೇ ಕಳಿಸಿ.