ದುಡಿಯುವ ಬಂಡವಾಳ: ಮಷಿನ್ ತಂದ ಮೇಲೆ ಬೇಕಾಗುವ ರೊಕ್ಕ

ಕಲಬುರಗಿ ಕಡೆ ಯಾರಾದರೂ ಹೊಸದಾಗಿ ರೊಟ್ಟಿ ಕೇಂದ್ರ ಹಾಕಿದರೆ ಮಂದಿ ಮೊದಲು ಕೇಳುವುದು, ‘ಎಷ್ಟ್ ಬಂಡವಾಳ ಹಾಕೀರಿ?’ ಉತ್ತರದಲ್ಲಿ ಗಿರಣಿ, ರೊಟ್ಟಿ ಮಷಿನ್, ಅಂಗಡಿಯ ಅಡ್ವಾನ್ಸ್, ಬೋರ್ಡು ಎಲ್ಲ ಬರುತ್ತವೆ. ಜೋಳದ ಲೆಕ್ಕ ಬರುವುದಿಲ್ಲ. ಬಡಿಯುವ ಹೆಂಗಸರ ಕೂಲಿಯೂ ಬರುವುದಿಲ್ಲ. ಹಾಗೆ ಬಾಯಿಗೆ ಬಾರದೆ ಉಳಿಯುವ ರೊಕ್ಕಕ್ಕೇ ದುಡಿಯುವ ಬಂಡವಾಳ ಎನ್ನುವುದು. ಬ್ಯಾಂಕಿನವರ ಬಾಯಲ್ಲಿ ವರ್ಕಿಂಗ್ ಕ್ಯಾಪಿಟಲ್.

‘ಬಂಡವಾಳ’ದ ಬೇರು ಸಂಸ್ಕೃತದ ‘ಭಾಂಡ’. ಬೀದರ್ ಪಕ್ಕದ ಮರಾಠಿಯಲ್ಲಿ ಅದು ‘ಭಾಂಡವಲ’. ಭಾಂಡ ಅಂದರೆ ಪಾತ್ರೆ, ಮಾರುವ ಸರಕು ಕೂಡ. ಪದ ಹುಟ್ಟಿದ್ದೇ ಸರಕಿನಿಂದ, ನಾವು ಅದನ್ನು ಮಷಿನ್ ಮೇಲೆ ಕೂರಿಸಿಬಿಟ್ಟಿದ್ದೇವೆ.

ಮಷಿನಿಗೆ ಹಾಕಿದ ದುಡ್ಡು ಅಲ್ಲೇ ಕೂರುತ್ತದೆ. ದುಡಿಯುವ ಬಂಡವಾಳಕ್ಕೆ ಕೂರಲು ಪುರುಸೊತ್ತಿಲ್ಲ. ರೊಕ್ಕ ಜೋಳವಾಗಬೇಕು, ಜೋಳ ರೊಟ್ಟಿಯಾಗಬೇಕು, ರೊಟ್ಟಿ ಉದ್ರಿಯಾಗಿ ಹೋಗಿ ಮತ್ತೆ ರೊಕ್ಕವಾಗಿ ಮನೆಗೆ ಬರಬೇಕು. ಎಷ್ಟು ಬಂಡವಾಳ ಬೇಕು ಎನ್ನುವುದು ಈ ಒಂದು ಸುತ್ತಿಗೆ ಎಷ್ಟು ದಿನ ಹಿಡಿಯುತ್ತದೆ ಎನ್ನುವುದರ ಮೇಲಿದೆ.

ಲೆಕ್ಕಕ್ಕೆ ಹಿಡಿಯೋಣ: ಒಬ್ಬಾಕೆಯ ದಿನದ ಖರ್ಚು 900 ರೂಪಾಯಿ, ಮಾರಾಟ 1,200. ಲಾಭದ ವ್ಯಾಪಾರವೇ. ಆದರೆ ರೊಟ್ಟಿ ತಗೊಳ್ಳುವ ಮೆಸ್ಸಿನವರು ದುಡ್ಡು ಕೊಡುವುದು ತಿಂಗಳಿಗೊಮ್ಮೆ. ಮೊದಲ ಬಿಲ್ಲು ಕೈಗೆ ಬರುವ ಹೊತ್ತಿಗೆ ಆಕೆಯ 27,000 ರೂಪಾಯಿ ಹೊರಗಿರುತ್ತದೆ. ಬಿಲ್ಲು ಹತ್ತು ದಿನ ತಡವಾದರೆ 36,000. ಪುಸ್ತಕದಲ್ಲಿ ದಿನಾ 300 ಲಾಭ, ಡಬ್ಬಿಯಲ್ಲಿ ನಾಳಿನ ಜೋಳಕ್ಕೂ ದುಡ್ಡಿಲ್ಲ. ಬಾಗಿಲು ಹಾಕಿದ ಇಂಥ ಅಂಗಡಿಗಳನ್ನು ನೋಡಿ ‘ವ್ಯಾಪಾರ ನಡೀಲಿಲ್ಲ’ ಅನ್ನುತ್ತೇವೆ. ವ್ಯಾಪಾರ ನಡೆದಿತ್ತು, ರೊಕ್ಕ ತಿರುಗಿ ಬಂದಿರಲಿಲ್ಲ.

ಜೋಳದ್ದು ಇನ್ನೊಂದು ತಕರಾರು. ಹಿಂಗಾರಿ ರಾಶಿಯಾದಾಗ ಕೊಂಡು ತುಂಬಿಟ್ಟರೆ ಸಾಮಾನ್ಯವಾಗಿ ಅಗ್ಗ. ಆದರೆ ಹಾಗೆ ತುಂಬಿಡುವುದೆಂದರೆ ರೊಕ್ಕವನ್ನು ಚೀಲದಲ್ಲಿ ಕಟ್ಟಿಟ್ಟಂತೆ. ಬಡವರು ತುಟ್ಟಿ ಜೋಳ ಕೊಳ್ಳುವುದು ತಿಳಿಯದೇ ಅಲ್ಲ.

ತಳ್ಳುಗಾಡಿಯ ಸುತ್ತು ಒಂದೇ ದಿನದ್ದು: ಬೆಳಿಗ್ಗೆ ಕೊಂಡ ಕಾಯಿಪಲ್ಲೆ ಸಂಜೆಗೆ ರೊಕ್ಕ. ಬೆಳಿಗ್ಗೆ 900 ಕೊಟ್ಟು ಸಂಜೆ 1,000 ಎಣಿಸಿಕೊಳ್ಳುವ, ಸಾಲ ಕೊಡುವವನಿಗೆ ಬೇಕಾಗಿರುವುದೂ ಇಂಥ ಗಿರಾಕಿಯೇ. ದಿನಕ್ಕೆ ನೂರಕ್ಕೆ 11 ಬಡ್ಡಿ! ಬೀದರಿನ ಬಿದ್ರಿ ಕುಶಲಕರ್ಮಿಯದ್ದು ತದ್ವಿರುದ್ಧ. ಸತು, ತಾಮ್ರ, ಬೆಳ್ಳಿ ತಂತಿಗೆ ಮೊದಲೇ ನಗದು ಸುರಿಯಬೇಕು. ಎರಕ, ಕೆತ್ತನೆ, ಬೆಳ್ಳಿ ಕೂಡಿಸುವುದು, ಕೊನೆಗೆ ಕೋಟೆಯ ಮಣ್ಣಿನಲ್ಲಿ ಕಪ್ಪೇರಿಸುವುದು ಎಲ್ಲ ಮುಗಿದರೂ ಹೂಜಿ ಗಿರಾಕಿಗಾಗಿ ಕಾಯುತ್ತ ಕೂರುತ್ತದೆ.

ಸರ್ಕಾರಿ ಯೋಜನೆಗಳಲ್ಲಿ ಈ ಪದವನ್ನು ಹುಡುಕಿ ಓದಬೇಕು. ಬೀದಿ ವ್ಯಾಪಾರಿಗಳಿಗೆಂದು 2020ರಲ್ಲಿ ಬಂದ ಪಿಎಂ ಸ್ವನಿಧಿ ನೇರವಾಗಿ ದುಡಿಯುವ ಬಂಡವಾಳದ ಸಾಲವೇ. ಮೊದಲು 10,000 ಇದ್ದ ಆರಂಭದ ಕಂತು 2025ರಲ್ಲಿ 15,000 ಆಯಿತು. ತೀರಿಸಿದವರಿಗೆ ಮುಂದಿನದು ದೊಡ್ಡದು. ಕಿರು ಆಹಾರ ಉದ್ಯಮಗಳ ಪಿಎಂಎಫ್‌ಎಂಇ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಮಷಿನಿನ ಸಬ್ಸಿಡಿ. ಅದರಲ್ಲೇ ಆಹಾರ ತಯಾರಿಸುವ ಸ್ವಸಹಾಯ ಸಂಘದ ಸದಸ್ಯೆಗೆ 40,000 ರೂಪಾಯಿವರೆಗೆ ಬೀಜಧನವೂ ಇದೆ, ದುಡಿಯುವ ಬಂಡವಾಳಕ್ಕೆ ಮತ್ತು ಸಣ್ಣ ಸಲಕರಣೆಗೆ.

ಸಾಲ ಕೇಳುವಾಗ ಒಂದು ಸೂಕ್ಷ್ಮ. ಮಷಿನಿಗೆ ಕಂತಿನ ಸಾಲ ಸರಿ. ಜೋಳಕ್ಕೆ ‘ಸಿಸಿ’, ಅಂದರೆ ಕ್ಯಾಶ್ ಕ್ರೆಡಿಟ್ ಕೇಳಬೇಕು. ಅದರಲ್ಲಿ ಮಿತಿಯೊಳಗೆ ಬೇಕಾದಾಗ ತೆಗೆದು, ಮೆಸ್ಸಿನ ಬಿಲ್ಲು ಬಂದಾಗ ಕಟ್ಟಬಹುದು. ಬಡ್ಡಿ ಬೀಳುವುದು ತೆಗೆದಷ್ಟಕ್ಕೆ, ಇಟ್ಟುಕೊಂಡಷ್ಟು ದಿನಕ್ಕೆ ಮಾತ್ರ.