ಮಳೆ ಉಳಿಯಿತು, ನಗು ಹೋಯಿತು

ಆತ್ಮಕಥೆಯನ್ನು ಸಿನಿಮಾ ಮಾಡಬೇಕು ಅಂತ ಬರುವ ನಿರ್ದೇಶಕರಿಗೆ ನಾನು ಮೊದಲು ಹೇಳುವುದು ಒಂದೇ: 'ಏಂಜೆಲಾಸ್ ಆ್ಯಶಸ್' ಓದಿ, ಆಮೇಲೆ ಅದರ ಸಿನಿಮಾ ನೋಡಿ. ಚಿತ್ರಕಥೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಫ್ರ್ಯಾಂಕ್ ಮೆಕೋರ್ಟ್ ಅವರ ಪುಸ್ತಕ ಬಂದದ್ದು 1996ರಲ್ಲಿ. ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಐರ್ಲೆಂಡಿನ ಲಿಮರಿಕ್ ಊರಿನ ಬಡ ಬಾಲ್ಯದ ಕತೆ ಅದು. ಅಪ್ಪ ದುಡಿದದ್ದನ್ನು ಕುಡಿದು ಕಳೆಯುತ್ತಾನೆ. ಮೂರು ಎಳೆ ಮಕ್ಕಳು ಸಾಯುತ್ತವೆ. ಅಷ್ಟಾದರೂ ಓದುವಾಗ ಮತ್ತೆ ಮತ್ತೆ ನಗು ಬರುತ್ತದೆ. 1999ರಲ್ಲಿ ಅಲನ್ ಪಾರ್ಕರ್ ಮಾಡಿದ ಸಿನಿಮಾದಲ್ಲಿ ಘಟನೆಗಳು ಬಹುತೇಕ ಪುಸ್ತಕದವೇ. ಎಮಿಲಿ ವಾಟ್ಸನ್, ರಾಬರ್ಟ್ ಕಾರ್ಲೈಲ್ ಚೆನ್ನಾಗಿಯೇ ನಟಿಸಿದ್ದಾರೆ. ಹಾಗಾದರೆ ಕಳೆದದ್ದೇನು?

ದನಿ. ಪುಸ್ತಕದ ಮೊದಲ ಪುಟಗಳಲ್ಲಿ ಮಾತಾಡುವವನು ದೊಡ್ಡವನಾದ ಫ್ರ್ಯಾಂಕ್. ಆಮೇಲೆ, ಮನೆಯವರು ಐರ್ಲೆಂಡಿಗೆ ಹೋಗುವ ಮೊದಲು ಇದ್ದ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಆಟದ ಮೈದಾನದಲ್ಲಿ, ಏರಿಳಿಯುವ ಸೀ-ಸಾ ಹಲಗೆಯ ಮೇಲೆ ಕೂತ ಮೂರು ವರ್ಷದ ಹುಡುಗ ಕತೆಯನ್ನು ಕೈಗೆತ್ತಿಕೊಳ್ಳುತ್ತಾನೆ. ಎಲ್ಲವೂ ಈಗಲೇ ನಡೆಯುತ್ತಿರುವಂತೆ ಹೇಳುತ್ತಾನೆ. ಅವನಿಗೆ ತನ್ನ ಮೇಲೆ ಮರುಕವಿಲ್ಲ, ಅದಕ್ಕೇ ನಮಗೆ ನಗುವೂ ಬರುತ್ತದೆ, ಕರುಳೂ ಹಿಂಡುತ್ತದೆ. ಸಿನಿಮಾದಲ್ಲೂ ಹಿನ್ನೆಲೆ ದನಿ ಇದೆ. ಆದರೆ ಅದು ಎಲ್ಲ ಮುಗಿದ ಮೇಲೆ ನೆನಪು ಮಾಡಿಕೊಳ್ಳುವ ದೊಡ್ಡವನದು. ಜಾನ್ ವಿಲಿಯಮ್ಸ್ ಅವರ ಸಂಗೀತಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು, ಇಂಪಾಗಿದೆ ಕೂಡ. ಅದೂ 'ಇಲ್ಲಿ ಅಳಿ' ಅಂತ ಮೊದಲೇ ಹೇಳಿಬಿಡುತ್ತದೆ.

ಮಳೆಗಾಲದಲ್ಲಿ ಕೆಳಗಿನ ಕೋಣೆಗೆ ನೀರು ನುಗ್ಗಿದಾಗ ಮನೆಯವರೆಲ್ಲ ಮಹಡಿಗೆ ಹೋಗಿ, ಅದನ್ನು 'ಇಟಲಿ' ಅನ್ನುತ್ತಾರೆ. ಬೆಚ್ಚಗಿದೆ, ಒಣಗಿದೆ, ಅದಕ್ಕೆ. ಓದುವಾಗ ಹುಡುಗನ ಜೊತೆ ನಾವೂ ಒಂದು ಕ್ಷಣ ಇಟಲಿಗೆ ಹೋಗಿಬಿಡುತ್ತೇವೆ. ಕ್ಯಾಮೆರಾ ತೋರಿಸುವುದು ಒದ್ದೆ ಗೋಡೆಯನ್ನು.

ಎಲ್ಲ ನಗೆಯೂ ಸತ್ತಿಲ್ಲ. ಮೊದಲ ಕಮ್ಯುನಿಯನ್ ದಿನ, ಅಂದರೆ ಕ್ರಿಸ್ತನ ದೇಹವೇ ಅಂತ ನಂಬುವ ರೊಟ್ಟಿಯನ್ನು ಚರ್ಚಿನಲ್ಲಿ ಮೊದಲ ಸಲ ತಿನ್ನುವ ದಿನ, ಹುಡುಗ ಅಜ್ಜಿಯ ಹಿತ್ತಲಲ್ಲಿ ವಾಂತಿ ಮಾಡುತ್ತಾನೆ. ದೇವರೇ ಹಿತ್ತಲಿಗೆ ಬಿದ್ದ ಅಂತ ಅಜ್ಜಿಗೆ ಗಾಬರಿ. ಯಾವ ನೀರಲ್ಲಿ ತೊಳೆಯಬೇಕು ಅಂತ ಪಾದ್ರಿಯನ್ನು ಕೇಳಲು ಅವನನ್ನೇ ಓಡಿಸುತ್ತಾಳೆ. ಇದು ಪರದೆಯಲ್ಲೂ ನಗಿಸುತ್ತದೆ, ಯಾಕೆಂದರೆ ಇಲ್ಲಿ ನಗೆ ಇರುವುದು ಸಂಭಾಷಣೆಯಲ್ಲಿ. ಹೇಳುವ ರೀತಿಯಲ್ಲಿದ್ದ ನಗೆ ಮಾತ್ರ ದಾಟಿ ಬರಲಿಲ್ಲ.

ಚಿತ್ರಕಥೆಗೆ ಕೂರುವ ಮೊದಲೇ ಪುಸ್ತಕದಲ್ಲಿ ಈ ಎರಡು ಬಗೆಯ ನಗೆಯನ್ನೂ ಬೇರೆ ಬೇರೆ ಬಣ್ಣದಲ್ಲಿ ಗುರುತು ಮಾಡಿಕೊಳ್ಳಬೇಕು. ಈ ಸಿನಿಮಾ ನನ್ನ ಕೈಗೆ ಬಂದಿದ್ದರೆ ಹಿನ್ನೆಲೆ ದನಿಯನ್ನು ಆ ಪುಟ್ಟ ಹುಡುಗನಿಗೇ ಕೊಡುತ್ತಿದ್ದೆ, ಮಳೆಯ ಶಾಟ್‌ಗಳಲ್ಲಿ ಅರ್ಧದಷ್ಟನ್ನು ತೆಗೆಯುತ್ತಿದ್ದೆ.