ಗ್ರೀನ್‌ಸ್ಟೆಡ್ ಚರ್ಚಿಗೆ ವಯಸ್ಸೆಷ್ಟು?

ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ, ಚಿಪ್ಪಿಂಗ್ ಆಂಗರ್ ಪೇಟೆಯ ಪಕ್ಕದಲ್ಲೇ ಗ್ರೀನ್‌ಸ್ಟೆಡ್ ಅನ್ನೋ ಪುಟ್ಟ ಊರಿದೆ. ಅಲ್ಲಿನ ಸೇಂಟ್ ಆಂಡ್ರೂ ಚರ್ಚ್, ಇವತ್ತಿಗೂ ನಿಂತಿರುವ ಮರದ ಚರ್ಚುಗಳಲ್ಲಿ ಜಗತ್ತಿಗೇ ಹಳೆಯದು ಅಂತ ಹೆಸರುವಾಸಿ. ಎಷ್ಟು ಹಳೆಯದು ಅನ್ನೋದೇ ತಕರಾರು.

ಸತ್ತ ಮೇಲೆ ಸಂತನೆನಿಸಿಕೊಂಡ ದೊರೆ ಎಡ್ಮಂಡನ ದೇಹವನ್ನು 1013ರಲ್ಲಿ ಲಂಡನ್‌ನಿಂದ ಬರಿ ಸೇಂಟ್ ಎಡ್ಮಂಡ್ಸ್ ಅನ್ನೋ ಊರಿಗೆ ಒಯ್ಯುವಾಗ ದಾರಿಯಲ್ಲಿ ಇಲ್ಲಿ ಇಳಿಸಿದ್ದರಂತೆ. ಇದು ನಿಜವಾಗಬೇಕಾದರೆ ಕಟ್ಟಡ ಅದಕ್ಕೂ ಮುಂಚೆ ಇರಬೇಕು, ಅಲ್ವಾ? ಕಳೆದ ಶತಮಾನದಲ್ಲಿ ದಿಮ್ಮಿಗಳಲ್ಲಿ ವರ್ಷಕ್ಕೊಂದರಂತೆ ಬೆಳೆದ ಮರದ ಉಂಗುರ ಎಣಿಸಿದಾಗ ಸುಮಾರು 845 ಅಂತ ಬಂತು. ಕಥೆಗೆ ಹೇಳಿ ಮಾಡಿಸಿದಂಥ ಇಸವಿ.

1995ರಲ್ಲಿ ಮತ್ತೆ ಎಣಿಸಿದರು. ಲೆಕ್ಕ 1053ಕ್ಕೆ ಬಂದು ನಿಂತಿತು, ಅದರ ಮೇಲೆ ಇನ್ನೂ 10ರಿಂದ 55 ವರ್ಷ ಸೇರಿಸಬೇಕು ಅಂದರು. ಯಾಕೆ? ಓಕ್ ಮರದ ಚೇಗು ಗಟ್ಟಿ, ಆದರೆ ತೊಗಟೆ ಕಡೆಯ ಬಿಳಿ ಭಾಗ ಹುಳ ಹಿಡಿದು ಉದುರಿ ಹೋಗುತ್ತೆ, ಅದರ ಜೊತೆ ಕೊನೆಯ ವರ್ಷಗಳ ಉಂಗುರಗಳೂ ಹೋಗುತ್ತವೆ, ಹಾಗಾಗಿ ಎಷ್ಟು ಹೋಗಿದೆ ಅಂತ ಅಂದಾಜು ಮಾಡಬೇಕಷ್ಟೇ. ಅಂದರೆ ಮರ ಕಡಿದದ್ದು 1063ರಿಂದ 1108ರ ನಡುವೆ. ನಾರ್ಮನ್ನರು ಇಂಗ್ಲೆಂಡ್ ಗೆದ್ದ 1066 ಸರಿಯಾಗಿ ಇದರೊಳಗೇ ಬೀಳುತ್ತೆ! ಹಾಗಾಗಿ ಇದು ಅವರಿಗಿಂತ ಮುಂಚಿನ ಸ್ಯಾಕ್ಸನ್ ಕಾಲದ್ದೋ ನಾರ್ಮನ್ ಕಾಲದ್ದೋ ಅಂತ ಖಚಿತವಾಗಿ ಹೇಳೋಕಾಗಲ್ಲ. ಕಟ್ಟಿದ ರೀತಿ ಮಾತ್ರ ಹಳೆಯ ಸ್ಯಾಕ್ಸನ್ ಬಡಗಿಗಳದ್ದೇ.

ಎಡ್ಮಂಡನ ಕಥೆ ಇಷ್ಟಕ್ಕೇ ಬಿದ್ದುಹೋಗಲಿಲ್ಲ. 1960ರಲ್ಲಿ ಅಗೆದಾಗ ಇದಕ್ಕೂ ಹಳೆಯ ಎರಡು ಮರದ ಕಟ್ಟಡಗಳ ಗುರುತು ನೆಲದಡಿ ಸಿಕ್ಕಿತ್ತು. ದೇಹ ಇಳಿಸಿದ್ದು ಈಗಿನ ಚರ್ಚಿನ ಮುಂಚಿನದರಲ್ಲಿ ಅಂತ ಬೇಕಾದರೆ ನಂಬಬಹುದು.

ನನಗಂತೂ ಇಸವಿಗಿಂತ ಗೋಡೆಯೇ ಜಾಸ್ತಿ ಇಷ್ಟ. ಓಕ್ ದಿಮ್ಮಿಗಳನ್ನು ಉದ್ದಕ್ಕೆ ಸೀಳಿ ಒತ್ತೊತ್ತಾಗಿ ನೆಟ್ಟಗೆ ನಿಲ್ಲಿಸಿದ್ದಾರೆ. ಗುಂಡಗಿನ ಮೈ ಹೊರಗೆ, ಚಪ್ಪಟೆ ಮೈ ಒಳಗೆ. ಎರಡು ದಿಮ್ಮಿ ಕೂಡುವ ಕಡೆ ತೋಡು ಕೊರೆದು ಸಣ್ಣ ಮರದ ಪಟ್ಟಿ ತೂರಿಸಿದ್ದಾರೆ, ಗಾಳಿ ನುಗ್ಗಬಾರದಲ್ಲ. ಒಳಗೆ ಬಾಚಿ ಹೊಡೆದ ಗುರುತು ಈಗಲೂ ಕಾಣುತ್ತೆ.

ಹಳೆಯದು ಅಂತ ಹೇಳುವುದು ಚರ್ಚಿನ ಮಧ್ಯದ ಹಾಲ್‌ನ ಈ ಗೋಡೆಗಳಿಗೆ ಮಾತ್ರ. ಪೂಜಾವೇದಿಕೆಯ ಕಡೆಯ ಇಟ್ಟಿಗೆ ಭಾಗ ಸುಮಾರು 1500ರದ್ದು. ಬಿಳಿ ಹಲಗೆಯ ಗೋಪುರವೂ ಆಮೇಲೆ ಸೇರಿದ್ದು, ಅಲ್ಲಿನ ಒಂದು ಗಂಟೆಯ ಮೇಲೆ 1618 ಅಂತಿದೆ. ಗೋಡೆಯ ಆ ಓಕ್ ದಿಮ್ಮಿಗಳೂ ಈಗ ನೆಲ ಮುಟ್ಟುತ್ತಿಲ್ಲ. ಬುಡ ಕೊಳೆತಿತ್ತು ಅಂತ 1848ರ ಸುಮಾರಿಗೆ ಕತ್ತರಿಸಿ, ಕೆಳಗೆ ಇಟ್ಟಿಗೆ ಕಟ್ಟೆ ಕಟ್ಟಿ ಅದರ ಮೇಲೆ ಕೂರಿಸಿದರು.